ತಾಳ ನಾಲ್ವರದು, ಕಾಗದ ಇನ್ನೊಬ್ಬರದು: ಒಂದು ಫಂಕ್ ತಂಡದ ಪ್ರಕರಣ ಅಧ್ಯಯನ

ಈ ಪ್ರಕರಣ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನದು. ತಂಡ ಶುರುವಾಗಿದ್ದು 1965ರಲ್ಲಿ, ಒಡೆದಿದ್ದು 1977ರಲ್ಲಿ. ಆ ಅವಧಿಯಲ್ಲಿ ನಾಲ್ಕು ಜನ ಸೇರಿ ಫಂಕ್ ಸಂಗೀತಕ್ಕೆ, ಅಂದರೆ ರಾಗಕ್ಕಿಂತ ತಾಳವನ್ನೇ ಮುಂದಿಟ್ಟು ಕುಣಿಸುವ ಸಂಗೀತಕ್ಕೆ, ಹೊಸದೊಂದು ನಡೆ ಕೊಟ್ಟರು. ಅವರು ನುಡಿಸಿದ್ದನ್ನು ಬಾಸ್ (ಕೆಳಸ್ವರದ ಗಿಟಾರ್), ಡ್ರಮ್ಸ್ ಕಲಿಯುವವರು ಇವತ್ತಿಗೂ ಕೂತು ಅಭ್ಯಾಸ ಮಾಡುತ್ತಾರೆ. ಆದರೆ ಅಷ್ಟು ದೂರ ಹೋದ ಸಂಗೀತದಿಂದ ನುಡಿಸಿದವರ ಕೈಗೆ ಬಂದದ್ದು ಕಡಿಮೆ. ಅದು ಹೇಗಾಯಿತು, ಯಾವ ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದರು ಅನ್ನೋದನ್ನು ಇಲ್ಲಿ ಬಿಡಿಸಿ ನೋಡಿದ್ದೇನೆ.

ತಂಡದ ಹೆಸರು, ಅದರಲ್ಲಿದ್ದವರ ಹೆಸರು ಯಾವುದನ್ನೂ ಹಾಕಿಲ್ಲ. ಫಂಕ್ ಕೇಳುವವರಿಗೆ ಅರ್ಧ ಓದುವಷ್ಟರಲ್ಲೇ ಗೊತ್ತಾಗಬಹುದು, ಪರವಾಗಿಲ್ಲ. ಹೆಸರು ಬಂದ ಕೂಡಲೇ ನಾವು ಅಭಿಮಾನಿಗಳಾಗಿಬಿಡುತ್ತೇವೆ. ಇಲ್ಲವೇ ಇದರಲ್ಲಿ ಕೆಟ್ಟವರು ಯಾರು ಅಂತ ಹುಡುಕೋಕೆ ಹೊರಡುತ್ತೇವೆ. ಹಾಗಾಗಿ ಅವರನ್ನು ಅವರ ವಾದ್ಯದಿಂದಲೇ ಕರೆಯುತ್ತೇನೆ: ಕೀಬೋರ್ಡಿನವರು, ಗಿಟಾರಿನವರು, ಬಾಸಿನವರು, ಡ್ರಮ್ಸಿನವರು. ಅವರಿಗೆ ಕೆಲಸ ಕೊಟ್ಟ ಸಂಸ್ಥೆಯನ್ನು ಸುಮ್ನೆ 'ಕಂಪನಿ' ಅನ್ನುತ್ತೇನೆ.

ಹಿನ್ನೆಲೆ

ನ್ಯೂ ಆರ್ಲಿಯನ್ಸ್ ಇಲ್ಲದೆ ಈ ತಂಡ ಇಲ್ಲ. ಮಿಸಿಸಿಪ್ಪಿ ನದಿಯ ಕೊನೆಯ ದೊಡ್ಡ ಬಂದರು ಅದು. ಫ್ರೆಂಚರು, ಸ್ಪೇನಿನವರು ಆಳಿದ ಊರು, ಅಮೆರಿಕದ ಕೈಗೆ ಬಂದದ್ದು 1803ರಲ್ಲಿ. ಗುಲಾಮರಾಗಿ ಬಂದ ಆಫ್ರಿಕನ್ನರು ಭಾನುವಾರ ಕಾಂಗೋ ಚೌಕದಲ್ಲಿ ಸೇರಿ ಡೋಲು ಬಡಿದು ಕುಣಿಯುತ್ತಿದ್ದರು. ಆ ಬಡಿತ ಊರಿನ ಬೀದಿಗಳಲ್ಲಿ ಉಳಿದುಕೊಂಡಿತು. ಅಲ್ಲಿ ಶವಯಾತ್ರೆಗೂ ಬ್ಯಾಂಡ್ ಇರುತ್ತದೆ. ಹೋಗುವಾಗ ನಿಧಾನದ ಭಜನೆ, ಮಣ್ಣು ಮಾಡಿ ಬರುವಾಗ ಕುಣಿಸುವ ಹಾಡು. ಬ್ಯಾಂಡಿನ ಹಿಂದೆ ಕೊಡೆ, ಕರವಸ್ತ್ರ ಬೀಸುತ್ತಾ ಕುಣಿದುಕೊಂಡು ಬರುವ ಜನರ ಸಾಲಿಗೆ 'ಸೆಕೆಂಡ್ ಲೈನ್' ಅಂತ ಹೆಸರು. ಅವರ ಕಾಲಿಗೆ ಸಿಗುವ ತಾಳಕ್ಕೂ ಅದೇ ಹೆಸರು. ಮಾರ್ಡಿ ಗ್ರಾ ಹಬ್ಬದ ದಿನ ಮಣಿ, ಗರಿ ಹೊಲಿದ ದೊಡ್ಡ ದೊಡ್ಡ ವೇಷ ಹಾಕಿ, ಟ್ಯಾಂಬರೀನ್ ಬಡಿಯುತ್ತಾ ಬರುವ ಕಪ್ಪು ಜನರ ಮೇಳಗಳೂ ಇವೆ. ಅವರದು ಒಬ್ಬರು ಹೇಳಿ, ಉಳಿದವರು ತಿರುಗಿ ಹೇಳುವ ಪದ್ಧತಿ.

ಈ ಬೀದಿ ಬ್ಯಾಂಡಿನಲ್ಲಿ ದೊಡ್ಡ ಡೋಲು ಒಬ್ಬರ ಹೆಗಲಿಗೆ, ಸ್ನೇರ್ ಅನ್ನೋ ಸಣ್ಣ ಡೋಲು ಇನ್ನೊಬ್ಬರ ಸೊಂಟಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡು ನುಡಿಸಬೇಕು. ನಮ್ಮ ಪ್ರಕರಣದ ಡ್ರಮ್ಸಿನವರು ಈ ಇಬ್ಬರ ಮಾತುಕತೆಯನ್ನು ತಮ್ಮೊಬ್ಬರ ಎರಡು ಕೈ, ಎರಡು ಕಾಲಿಗೆ ಇಳಿಸಿಕೊಂಡರು.

ಅದೇ ಹೊತ್ತಿಗೆ, 1965ರಿಂದ 1967ರ ನಡುವೆ, ಗಾಯಕ ಜೇಮ್ಸ್ ಬ್ರೌನ್ ತಮ್ಮ ದೊಡ್ಡ ತಂಡವನ್ನು ಕಟ್ಟಿಕೊಂಡು ಮೊದಲ ಎಣಿಕೆಗೆ ಒತ್ತು ಕೊಡುವ ಹೊಸ ಸಂಗೀತ ಮಾಡುತ್ತಿದ್ದರು. ಫಂಕ್ ಅಂದರೆ ಅದು ಅನ್ನೋ ಹಾಗಾಗಿತ್ತು. ಅವರ ಹಿಂದೆ ಕಹಳೆಗಳ ಸಾಲೇ ಇತ್ತು. ನಮ್ಮವರ ಹತ್ತಿರ ಅದು ಯಾವುದೂ ಇರಲಿಲ್ಲ.

ತಂಡ ಕಟ್ಟಿದವರು ಕೀಬೋರ್ಡಿನವರು. ಊರಿಗೆ ಆಗಲೇ ಪರಿಚಿತರು. ಹದಿಹರೆಯದಲ್ಲಿ ಅವರು ಹಾಡಿದ ಒಂದು ಹಬ್ಬದ ಹಾಡು ಇವತ್ತಿಗೂ ಮಾರ್ಡಿ ಗ್ರಾ ಬಂದರೆ ಅಲ್ಲಿ ಕೇಳಿಸುತ್ತದೆ. ಉಳಿದ ಮೂವರು ಅವರಿಗಿಂತ ಹತ್ತು ವರ್ಷದಷ್ಟು ಚಿಕ್ಕವರು. ಡ್ರಮ್ಸಿನವರಿಗಂತೂ ಆಗ ಇಪ್ಪತ್ತೂ ಆಗಿರಲಿಲ್ಲ. ಈ ವಯಸ್ಸಿನ ಅಂತರ ನೆನಪಿರಲಿ. ಸಹಿ ಹಾಕುವ ಹೊತ್ತಿನಲ್ಲಿ ಚಿಕ್ಕವರು ದೊಡ್ಡವರ ಮುಖ ನೋಡುತ್ತಾರೆ, ಅಲ್ವಾ?

ಏಳು ಜನ ನಾಲ್ಕಾದದ್ದು

ಮೊದಲು ತಂಡದಲ್ಲಿ ಏಳು ಜನ ಇದ್ದರು. ಕೀಬೋರ್ಡಿನವರ ಇಬ್ಬರು ತಮ್ಮಂದಿರು ಹಾಡುತ್ತಿದ್ದರು, ಇನ್ನೊಬ್ಬರು ಸ್ಯಾಕ್ಸೋಫೋನ್ ಊದುತ್ತಿದ್ದರು. ಆಮೇಲೆ ಫ್ರೆಂಚ್ ಕ್ವಾರ್ಟರ್‌ನ ಬೋರ್ಬನ್ ಬೀದಿಯ ಒಂದು ಕ್ಲಬ್ಬಿನಿಂದ ಕರೆ ಬಂತು. ಪ್ರವಾಸಿಗರು ತುಂಬಿರುವ ಬೀದಿ, ರಾತ್ರಿ ರಾತ್ರಿ ಖಾಯಂ ಕೆಲಸ. ಆದರೆ ಆ ಜಾಗಕ್ಕೆ ಬೇಕಿದ್ದದ್ದು ನಾಲ್ಕೇ ಜನ.

ಇದು ಪ್ರಕರಣದ ಮೊದಲ ತಿರುವು. ತಮ್ಮಂದಿರನ್ನು ಬಿಟ್ಟು ಹೋಗಬೇಕಾ, ಕೆಲಸವನ್ನೇ ಬಿಡಬೇಕಾ? ಕೀಬೋರ್ಡಿನವರು ಕೆಲಸ ಹಿಡಿದರು. ತಮ್ಮಂದಿರು ಬೇರೆ ತಂಡ ಮಾಡಿಕೊಂಡರು. ಹೊರಗಿನಿಂದ ನೋಡಿದರೆ ಇದು ನಷ್ಟದ ಲೆಕ್ಕ. ಹಾಡುಗಾರರು ಹೋದರು, ಊದುವವರು ಹೋದರು. ನಾಲ್ಕು ಜನ, ನಾಲ್ಕು ವಾದ್ಯ, ರಾತ್ರಿಯಿಡೀ ನುಡಿಸಬೇಕು.

ನಿಜವಾದ ಕಸುಬು ಬೆಳೆದದ್ದು ಇಲ್ಲಿಯೇ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನಾಲ್ಕು ಎಣಿಕೆಯ ಒಂದು ಸುತ್ತು ಇಟ್ಟುಕೊಳ್ಳಿ. ಪ್ರತಿ ಎಣಿಕೆಗೂ 'ತಕಧಿಮಿ' ಹೇಳಿ. 16 ಅಕ್ಷರ ಆಯಿತು. ಸಾಮಾನ್ಯವಾಗಿ ರಾಕ್ ಡ್ರಮ್ಸಿನಲ್ಲಿ ಎರಡನೇ ಮತ್ತು ನಾಲ್ಕನೇ ಎಣಿಕೆಯ 'ತ' ಮೇಲೆ ಸ್ನೇರ್ ಪೆಟ್ಟು ಬೀಳುತ್ತದೆ. ಕೇಳುವವರ ಕಿವಿ ಅಲ್ಲೇ ಕಾಯುತ್ತದೆ. ಇವರ ಡ್ರಮ್ಸಿನವರು ಎಷ್ಟೋ ಸಲ ಆ ಜಾಗವನ್ನು ಖಾಲಿ ಬಿಟ್ಟು, ಪೆಟ್ಟನ್ನು ಪಕ್ಕದ 'ಧಿ'ಗೋ 'ಮಿ'ಗೋ ಸರಿಸುತ್ತಾರೆ. ಬಾಸಿನವರು ಒಂದು ಸ್ವರ ಹಿಡಿದು ತಟ್ಟನೆ ಬಿಡುತ್ತಾರೆ. ಆ ಬಿಟ್ಟ ಜಾಗಕ್ಕೆ ಗಿಟಾರಿನ ಒಂದು ಸಣ್ಣ ಚುಟುಕು ಬಂದು ಕೂರುತ್ತದೆ. ಕೀಬೋರ್ಡಿನವರ ಆರ್ಗನ್ ಹಿಂದಿನಿಂದ ತೆಳ್ಳಗೆ ಹಾಸಿಕೊಂಡಿರುತ್ತದೆ. ನಮ್ಮ ಮೃದಂಗದವರಿಗೆ ಕಾರ್ವೆಯ, ಅಂದರೆ ಪೆಟ್ಟುಗಳ ನಡುವೆ ಬಿಡುವ ಖಾಲಿ ಜಾಗದ, ಬೆಲೆ ಹೇಳಿಕೊಡಬೇಕಾಗಿಲ್ಲ. ಈ ನಾಲ್ವರಿಗೂ ಆ ಬೆಲೆ ಗೊತ್ತಿತ್ತು. ಯಾರು ಎಲ್ಲಿ ಸುಮ್ಮನಿರಬೇಕು ಅನ್ನೋದು ಬರೆದಿಟ್ಟುಕೊಳ್ಳದೆಯೇ ಇತ್ಯರ್ಥವಾಗಿತ್ತು. ರಾತ್ರಿ ರಾತ್ರಿ ಒಟ್ಟಿಗೆ ನುಡಿಸಿದ ಫಲ ಅದು.

ಇನ್ನೊಂದು ಸೂಕ್ಷ್ಮ ಇದೆ. ಆ ಹದಿನಾರು ಅಕ್ಷರ ಗಡಿಯಾರದ ಹಾಗೆ ಸಮನಾಗಿ ಬರುವುದಿಲ್ಲ. ಚತುರಶ್ರಕ್ಕೂ (ನಾಲ್ಕರ ನಡೆ) ತಿಶ್ರಕ್ಕೂ (ಮೂರರ ನಡೆ) ನಡುವೆ ಎಲ್ಲೋ ವಾಲಿಕೊಂಡು ನಡೆಯುತ್ತದೆ. ಇದು ಬೀದಿಯ ಸೆಕೆಂಡ್ ಲೈನ್ ನಡಿಗೆ. ಸ್ವರಲಿಪಿ ನೋಡಿ ನುಡಿಸಿದವರಿಗೆ ಇದು ಸಿಗುವುದಿಲ್ಲ. ಎಲ್ಲ ಪೆಟ್ಟೂ ಸರಿಯಾಗಿಯೇ ಇರುತ್ತದೆ, ಆದರೆ ಕುಣಿಯೋಕೆ ಕಾಲು ಬರುವುದಿಲ್ಲ.

ಜೇಮ್ಸ್ ಬ್ರೌನ್ ತಂಡದಲ್ಲಿ ಎಲ್ಲರೂ ನಾಯಕನ ಕೈಸನ್ನೆಗೆ ಓಡುತ್ತಿದ್ದರು. ಇಲ್ಲಿ ನಾಯಕನ ಜಾಗವೇ ಖಾಲಿ. ತಾಳವೇ ಮುಂದೆ ನಿಂತಿತು. ನನ್ನ ಪ್ರಕಾರ ಈ ತಂಡ ಫಂಕ್‌ಗೆ ಕೊಟ್ಟ ಅತಿ ದೊಡ್ಡ ಕೊಡುಗೆ ಇದು.

ಕಂಪನಿಯ ಪ್ರವೇಶ

ಊರಿನ ಒಂದು ರೆಕಾರ್ಡಿಂಗ್ ಕಂಪನಿಗೆ ಈ ನಾಲ್ವರ ಮೇಲೆ ಕಣ್ಣು ಬಿತ್ತು. ಕಂಪನಿಯಲ್ಲಿ ಇಬ್ಬರು ಪಾಲುದಾರರು. ಒಬ್ಬರು ಅದ್ಭುತ ಸಂಗೀತಗಾರ, ಹಾಡು ಬರೆದು ರಾಗ ಹಾಕಿ ಧ್ವನಿಮುದ್ರಣ ನಡೆಸುವವರು. ಇನ್ನೊಬ್ಬರು ವ್ಯವಹಾರ ನೋಡಿಕೊಳ್ಳುವವರು. ತಂಡವನ್ನು ಕಂಪನಿಯ ಖಾಯಂ ವಾದ್ಯವೃಂದವಾಗಿ ಸೇರಿಸಿಕೊಂಡರು. ಯಾರೇ ಗಾಯಕರು ಹಾಡಲು ಬರಲಿ, ಹಿಂದೆ ನುಡಿಸುವವರು ಇವರೇ.

ಚಿಕ್ಕ ವಯಸ್ಸಿನ ವಾದಕರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿ ಸಿಗುತ್ತದೆ? ಸ್ಟುಡಿಯೋ ಶಿಸ್ತು ಬಂತು. ಮೂರು ನಿಮಿಷದಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸುವುದು ಬಂತು. ಅವರದೇ ಹೆಸರಿನಲ್ಲಿ ರೆಕಾರ್ಡ್ ಮಾಡುವ ಅವಕಾಶವೂ ಬಂತು. 1969ರಲ್ಲಿ ಎರಡು ವಾದ್ಯ ಸಂಗೀತದ ರೆಕಾರ್ಡುಗಳು ನ್ಯೂಯಾರ್ಕಿನ ಒಂದು ಸಣ್ಣ ಲೇಬಲ್ಲಿನಿಂದ, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆಯಿಂದ, ಹೊರಬಂದವು. ಒಂದು ಬಿಲ್‌ಬೋರ್ಡ್ ಪತ್ರಿಕೆಯ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್, ಕಪ್ಪು ಜನರ ಜನಪ್ರಿಯ ಸಂಗೀತ) ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಹೋಯಿತು. ಇನ್ನೊಂದು 4ನೇ ಸ್ಥಾನಕ್ಕೆ ಹೋಯಿತು, ಎಲ್ಲ ಬಗೆಯ ಹಾಡುಗಳ ಪಟ್ಟಿಯಲ್ಲೂ 23ರವರೆಗೆ ಏರಿತು. ಒಂದು ಮಾತಿಲ್ಲ, ಒಬ್ಬ ಹಾಡುಗಾರರೂ ಇಲ್ಲ. ಗಿಟಾರ್, ಬಾಸ್ ಎರಡೂ ಒಂದೇ ಸಾಲನ್ನು ಜೊತೆಯಾಗಿ ನುಡಿಸುತ್ತವೆ, ಡ್ರಮ್ಸ್ ಅದರ ಸಂದಿಗಳಲ್ಲಿ ಆಡುತ್ತದೆ. ಅಷ್ಟೇ.

ಈ ಹಂತದಲ್ಲಿ ತಂಡ ಒಂದು ಒಳ್ಳೆಯ ತೀರ್ಮಾನ ಮಾಡಿತ್ತು. ರಚನೆಕಾರರ ಸಾಲಿನಲ್ಲಿ ನಾಲ್ವರ ಹೆಸರನ್ನೂ ಹಾಕಿದರು. ರಾಗ ಕಟ್ಟಿದವರಿಗೆ ಮಾತ್ರ ಹೆಸರು, ಡ್ರಮ್ಸಿನವರಿಗೆ ಆ ದಿನದ ಕೂಲಿ ಅನ್ನೋದು ಆಗಿನ ರೂಢಿ. ಇವರು ಅದನ್ನು ಮುರಿದರು. ತಾಳವೇ ಹಾಡು ಅಂದಮೇಲೆ ತಾಳ ಕಟ್ಟಿದವರೂ ರಚನೆಕಾರರೇ.

ಆದರೆ ಅದೇ ಹೊತ್ತಿಗೆ ಇನ್ನೊಂದು ಗಂಟು ಬಿದ್ದಿತ್ತು. ಇವರನ್ನು ಧ್ವನಿಮುದ್ರಿಸುವವರು, ಇವರ ವ್ಯವಹಾರ ನೋಡಿಕೊಳ್ಳುವವರು, ಇವರ ರಚನೆಗಳ ಪ್ರಕಾಶನದ ಹಕ್ಕು ಇಟ್ಟುಕೊಂಡವರು, ಎಲ್ಲರೂ ಒಂದೇ ಮನೆಯವರು.

ತೊಡಕು ಎಲ್ಲಿತ್ತು

ಸಂಗೀತದಲ್ಲಿ ದುಡ್ಡು ಬರುವ ದಾರಿಗಳು ಬೇರೆ ಬೇರೆ. ಸ್ಟುಡಿಯೋದಲ್ಲಿ ನುಡಿಸಿದ್ದಕ್ಕೆ ಆ ದಿನದ ಸಂಭಾವನೆ ಒಂದು. ಮುದ್ರಿತ ಧ್ವನಿಯ ಒಡೆತನ, ಅಂದರೆ ಮಾಸ್ಟರ್ ಟೇಪಿನ ಹಕ್ಕು ಇನ್ನೊಂದು. ರಚನೆಯ ಹಕ್ಕು, ಅದನ್ನು ಲೆಕ್ಕ ಇಟ್ಟು ವಸೂಲಿ ಮಾಡುವ ಪ್ರಕಾಶಕರ ಪಾಲು ಮತ್ತೊಂದು. ಮೊದಲನೆಯದು ಕೈಗೆ ತಕ್ಷಣ ಬರುತ್ತದೆ, ಒಂದೇ ಸಲ ಬರುತ್ತದೆ. ಉಳಿದವು ನಿಧಾನ. ಹಾಡು ಉಳಿದರೆ ಐವತ್ತು ವರ್ಷ ಕಳೆದರೂ ಬರುತ್ತಿರುತ್ತವೆ.

ವ್ಯವಸ್ಥಾಪಕರ ಕೆಲಸ ಏನು? ಕಲಾವಿದರ ಪರ ನಿಂತು ಪ್ರಕಾಶಕರ ಹತ್ತಿರ, ರೆಕಾರ್ಡ್ ಕಂಪನಿಯ ಹತ್ತಿರ ಜಗ್ಗಾಡುವುದು. ಮೂವರೂ ಒಂದೇ ಮನೆಯವರಾದರೆ ಯಾರು ಯಾರ ಹತ್ತಿರ ಜಗ್ಗಾಡಬೇಕು? ನಾನು ಇಲ್ಲಿ ಯಾರ ಮನಸ್ಸನ್ನೂ ಅಳೆಯುತ್ತಿಲ್ಲ. ಆ ಕಾಲದಲ್ಲಿ ಅಮೆರಿಕದ ಎಷ್ಟೋ ಸಣ್ಣ ಕಂಪನಿಗಳು ಹೀಗೇ ನಡೆಯುತ್ತಿದ್ದವು. ಈ ಕಂಪನಿ ಇಲ್ಲದಿದ್ದರೆ ಆ ರೆಕಾರ್ಡುಗಳೇ ಇರುತ್ತಿರಲಿಲ್ಲ ಅನ್ನೋದೂ ನಿಜ. ಆದರೂ ವ್ಯವಸ್ಥೆಯೇ ಹೀಗಿದ್ದಾಗ ಒಳ್ಳೆಯ ಮನುಷ್ಯರಿದ್ದರೂ ಕಲಾವಿದರ ಪಾಲು ಕರಗುತ್ತದೆ.

ಏನೇನು ಮಾಡಿ ನೋಡಿದರು

1971ರ ಹೊತ್ತಿಗೆ ನ್ಯೂಯಾರ್ಕಿನ ಸಣ್ಣ ಲೇಬಲ್ ಮುಚ್ಚಿಹೋಯಿತು. 1972ರಲ್ಲಿ ತಂಡ ವಾರ್ನರ್ ಗುಂಪಿನ ರೀಪ್ರೈಸ್ ಲೇಬಲ್ಲಿಗೆ ಹೋಯಿತು. ದೊಡ್ಡ ಮನೆ, ದೊಡ್ಡ ಖರ್ಚು. ಆದರೆ ದೊಡ್ಡ ಲೇಬಲ್ಲಿಗೆ ಬರೀ ವಾದ್ಯ ಸಂಗೀತ ಸಾಲದು, ಹಾಡು ಬೇಕು, ಆಲ್ಬಮ್ ಬೇಕು. ತಂಡವೂ ಹಾಡಲು ಶುರು ಮಾಡಿತು. ಕೀಬೋರ್ಡಿನವರು ಮೈಕ್ ಹಿಡಿದರು. ಆಮೇಲೆ ಅವರ ಕೊನೆಯ ತಮ್ಮನೂ ತಾಳವಾದ್ಯಕ್ಕೆ, ಹಾಡಿಗೆ ಬಂದು ಸೇರಿಕೊಂಡರು.

ಈ ಕಾಲದ ಸಂಗೀತ ಸೊಗಸಾಗಿದೆ. 1974ರ ಆಲ್ಬಮ್ ನನಗೆ ತುಂಬಾ ಇಷ್ಟ. ಹಬ್ಬದ ಮೇಳದ ಪದ, ಬೀದಿಯ ತಾಳ, ರಾಕ್ ಗಿಟಾರ್ ಎಲ್ಲ ಒಂದೇ ಕಡೆ ಹದವಾಗಿ ಬೆರೆತಿವೆ. 2003ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಸಾರ್ವಕಾಲಿಕ 500 ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಅದಕ್ಕೂ ಜಾಗ ಸಿಕ್ಕಿತು. ಆದರೆ ಬಂದ ಹೊತ್ತಿನಲ್ಲಿ ರೇಡಿಯೋ ಅದನ್ನು ಎತ್ತಿಕೊಳ್ಳಲಿಲ್ಲ. 1969ರ ಯಶಸ್ಸಿನ ಹತ್ತಿರಕ್ಕೂ ಮಾರಾಟ ಹೋಗಲಿಲ್ಲ.

ಇನ್ನೊಂದು ಕಡೆ, ಬೇರೆಯವರ ಹಿಂದೆ ನುಡಿಸಿದ್ದು ಗೆಲ್ಲುತ್ತಲೇ ಇತ್ತು. 1973ರಲ್ಲಿ ಗಾಯಕ ಡಾಕ್ಟರ್ ಜಾನ್ ಜೊತೆ ಮಾಡಿದ ಹಾಡು ಅಮೆರಿಕದ ಮುಖ್ಯ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಹೋಯಿತು. ಇಂಗ್ಲೆಂಡಿನ ರಾಬರ್ಟ್ ಪಾಮರ್ ತಮ್ಮ ಮೊದಲ ಸೋಲೋ ಆಲ್ಬಮ್ಮಿಗೆ ಇವರನ್ನೇ ಹುಡುಕಿಕೊಂಡು ಬಂದರು. ಲಾಬೆಲ್ ಎಂಬ ಮೂವರು ಮಹಿಳೆಯರ ತಂಡದ ಹಾಡು 1975ರಲ್ಲಿ ಮೊದಲ ಸ್ಥಾನಕ್ಕೇ ಏರಿತು. ಅದು ಇದ್ದ ಆಲ್ಬಮ್ಮಿನಲ್ಲೂ ನಮ್ಮ ತಂಡದ ಕೆಲವರು ನುಡಿಸಿದ್ದರು. ಇವರ ತಾಳ ದೇಶದ ರೇಡಿಯೋದಲ್ಲಿ ಎಲ್ಲ ಕಡೆ ಇತ್ತು, ಇವರ ಹೆಸರು ರೆಕಾರ್ಡಿನ ಹಿಂಬದಿಯ ಸಣ್ಣ ಅಕ್ಷರದಲ್ಲಿ ಇತ್ತು.

1975ರಲ್ಲಿ ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನಿಂತಿದ್ದ ಕ್ವೀನ್ ಮೇರಿ ಹಡಗಿನ ಮೇಲೆ ಒಂದು ಔತಣ ಇಟ್ಟುಕೊಂಡಿದ್ದರು. ಅಲ್ಲಿ ನುಡಿಸಲು ಈ ತಂಡವನ್ನು ಕರೆಸಿದರು. ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದ ಮಿಕ್ ಜಾಗರ್ ಅಲ್ಲಿ ಕೇಳಿ ಮೆಚ್ಚಿದರು. ಆ ವರ್ಷ ಅಮೆರಿಕದಲ್ಲಿ, ಮುಂದಿನ ವರ್ಷ ಯುರೋಪಿನಲ್ಲಿ ಸ್ಟೋನ್ಸ್ ಕಾರ್ಯಕ್ರಮಕ್ಕೆ ಮೊದಲು ಇವರ ಕಚೇರಿ. ಬೋರ್ಬನ್ ಬೀದಿಯ ಕ್ಲಬ್ಬಿನಿಂದ ಕ್ರೀಡಾಂಗಣಗಳವರೆಗೆ ಬಂದಾಗಿತ್ತು.

ಹೊರಗಿನವರಿಗೆ ಇದು ಗೆಲುವಿನ ಶಿಖರ. ಆದರೆ ಬೇರೆಯವರನ್ನು ನೋಡಲು ಬಂದ ಜನರ ಮುಂದೆ ನುಡಿಸಿ ಬಂದರೆ ಮನೆಯ ಲೆಕ್ಕ ಸರಿಯಾಗುವುದಿಲ್ಲ. ಹೆಸರು ಏರಿದ ಹಾಗೆಲ್ಲ 'ಹಣ ಎಲ್ಲಿ ಹೋಗುತ್ತಿದೆ' ಎಂಬ ಪ್ರಶ್ನೆ ತಂಡದೊಳಗೆ ಜಾಸ್ತಿ ಆಯಿತು.

ಒಡೆದದ್ದು

1976ರಲ್ಲಿ ಕೀಬೋರ್ಡಿನವರ ಸೋದರಮಾವ, ಹಬ್ಬದ ಮೇಳವೊಂದರ ಮುಖ್ಯಸ್ಥರು, ತಮ್ಮ ಮೇಳದ ಪದಗಳನ್ನು ಧ್ವನಿಮುದ್ರಿಸಿದರು. ನುಡಿಸಿದ್ದು ಇದೇ ತಂಡ. ಹಾಡಲು ಕೀಬೋರ್ಡಿನವರು, ಅವರ ಮೂವರು ತಮ್ಮಂದಿರು ಎಲ್ಲರೂ ಬಂದರು. ಬೀದಿಯ ಮೇಳ ಮತ್ತು ಫಂಕ್ ಎಷ್ಟು ಹತ್ತಿರದ ನೆಂಟರು ಅಂತ ಈ ಆಲ್ಬಮ್ ಕೇಳಿದರೆ ಗೊತ್ತಾಗುತ್ತದೆ.

ಆದರೆ ಇದೇ ಇನ್ನೊಂದು ತಿರುವೂ ಆಯಿತು. ಸಣ್ಣ ವೇದಿಕೆಗಾಗಿ ಒಂದು ಕಾಲದಲ್ಲಿ ಬಿಟ್ಟುಬಂದ ತಮ್ಮಂದಿರು ಈಗ ಪಕ್ಕದಲ್ಲೇ ನಿಂತು ಹಾಡುತ್ತಿದ್ದರು. ಸಹೋದರರೇ ಸೇರಿ ಯಾಕೆ ಒಂದು ತಂಡ ಮಾಡಬಾರದು? ಒಂದು ಕಡೆ ರಕ್ತ ಸಂಬಂಧ, ಹೊಸ ಆರಂಭ. ಇನ್ನೊಂದು ಕಡೆ ದುಡ್ಡಿನ ಜಗಳ ಮೆತ್ತಿಕೊಂಡ ಹಳೆಯ ತಂಡ. 1977ರ ಆಲ್ಬಮ್ಮನ್ನು ಹೊಸ ನಿರ್ಮಾಪಕರ ಕೈಯಲ್ಲಿ ಮಾಡಿಸಿ ನೋಡಿದರು. ಅದೇ ಕೊನೆಯದಾಯಿತು. ಕೀಬೋರ್ಡಿನವರು ತಮ್ಮಂದಿರ ಜೊತೆ ಹೋದರು. ಆ ಸಹೋದರರ ತಂಡ ಮುಂದೆ ದೊಡ್ಡ ಹೆಸರು ಮಾಡಿತು.

ಬರೀ ಸಂಗೀತದ ಭಿನ್ನಾಭಿಪ್ರಾಯ ಆಗಿದ್ದರೆ ಈ ತಂಡ ಉಳಿಯುತ್ತಿತ್ತು ಅನ್ನೋದು ನನ್ನ ನಂಬಿಕೆ. ವರ್ಷಗಟ್ಟಲೆ ಕಣ್ಸನ್ನೆಯೂ ಇಲ್ಲದೆ ಹೊಂದಿಕೊಂಡು ನುಡಿಸಿದವರು ಅವರು. ಹಕ್ಕು, ಹಣದ ವಿಷಯವನ್ನು ಮಾತ್ರ ಹಾಗೆ ಹೊಂದಿಸಿಕೊಳ್ಳಲು ಆಗಲಿಲ್ಲ, ಯಾಕೆಂದರೆ ಅದು ಅವರ ಕೈಯಲ್ಲೇ ಇರಲಿಲ್ಲ.

ಆಮೇಲೆ

ತಂಡ ಹೋಯಿತು, ತಾಳ ಹರಡಿತು. 1985ರಲ್ಲಿ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ಎಂಬ ರಾಕ್ ತಂಡದವರು ಇವರದೊಂದು ಹಾಡನ್ನು ಮಾತು ಬದಲಿಸಿ ಹಾಡಿದರು. 1987ರಲ್ಲಿ ಪಬ್ಲಿಕ್ ಎನಿಮಿ ಎಂಬ ಹಿಪ್‌ಹಾಪ್ ತಂಡ ತನ್ನ ಮೊದಲ ಆಲ್ಬಮ್ಮಿಗೆ ಇವರ ತುಣುಕೊಂದನ್ನು ಎತ್ತಿಕೊಂಡಿತು. ತಾಳದ ಮೇಲೆ ಮಾತು ಹೆಣೆಯುವ ಹಿಪ್‌ಹಾಪ್‌ನವರಿಗೆ ಈ ತಂಡದ ರೆಕಾರ್ಡುಗಳು ಚಿನ್ನದ ಗಣಿ. ಕಾರಣ ಸರಳ. ನಾಲ್ಕೇ ವಾದ್ಯ, ನಡುವೆ ಬೇಕಾದಷ್ಟು ಜಾಗ. ಎರಡು ಸುತ್ತು ಕತ್ತರಿಸಿ ಮತ್ತೆ ಮತ್ತೆ ತಿರುಗಿಸಿದರೆ ಅದರ ಮೇಲೆ ಮಾತು ಆರಾಮಾಗಿ ಕೂರುತ್ತದೆ. ಬೋರ್ಬನ್ ಬೀದಿಯ ಸಣ್ಣ ವೇದಿಕೆ ಕಲಿಸಿದ ಆ ಮಿತವೇ ಇಪ್ಪತ್ತು ವರ್ಷದ ಮೇಲೆ ಬೇರೆ ಸಂಗೀತಕ್ಕೆ ಅಡಿಪಾಯವಾಯಿತು.

ಹೀಗೆ ತುಣುಕು ಎತ್ತಿಕೊಳ್ಳಲು ಅನುಮತಿ ಬೇಕು ಅಂತ ಅಮೆರಿಕದ ನ್ಯಾಯಾಲಯ ಖಡಕ್ಕಾಗಿ ಹೇಳಿದ್ದು 1991ರ ಕೊನೆಗೆ, ಬೇರೊಬ್ಬರ ಮೊಕದ್ದಮೆಯಲ್ಲಿ. ಅನುಮತಿ ಕೊಡುವವರು ಯಾರು? ಟೇಪಿನ ಒಡೆಯರು, ರಚನೆಯ ಪ್ರಕಾಶಕರು. ನುಡಿಸಿದ ಕೈಗಳು ಆ ಸಾಲಿನಲ್ಲಿ ಮೊದಲು ಬರುವುದಿಲ್ಲ. ರಚನೆಕಾರರ ಸಾಲಿನಲ್ಲಿ ನಾಲ್ವರ ಹೆಸರೂ ಇದ್ದದ್ದು ಇಲ್ಲಿ ಕೆಲಸಕ್ಕೆ ಬಂತು. ಅದೂ ಇಲ್ಲದಿದ್ದರೆ ಡ್ರಮ್ಸಿನವರಿಗೆ ಕೇಳುವ ಹಕ್ಕೇ ಇರುತ್ತಿರಲಿಲ್ಲ. ಆದರೂ ಹಳೆಯ ಒಪ್ಪಂದಗಳ ಸಿಕ್ಕು ಬಿಡಿಸುವುದರಲ್ಲಿ ಅವರ ಎಷ್ಟೋ ವರ್ಷಗಳು ಕಳೆದುಹೋದವು.

ತಂಡದ ಹೆಸರಿನದೂ ಇದೇ ಕತೆ. ಆಗಾಗ ಒಂದಾದರು, ಮತ್ತೆ ಬೇರೆಯಾದರು. 1990ರ ದಶಕದಲ್ಲಿ ಕೀಬೋರ್ಡಿನವರು ಮತ್ತು ಬಾಸಿನವರು ಬೇರೆ ವಾದಕರ ಜೊತೆ ನುಡಿಸುವಾಗ ಹಳೆಯ ಹೆಸರಿಗೆ ಒಂದು ವಿಶೇಷಣ ಸೇರಿಸಿಕೊಳ್ಳಬೇಕಾಯಿತು. 2005ರಲ್ಲಿ ಮೂಲ ನಾಲ್ವರು ತಮ್ಮೂರಿನ ಜಾಝ್ ಉತ್ಸವದಲ್ಲಿ ಒಟ್ಟಿಗೆ ನುಡಿಸಿದರು. 2018ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿಯವರು ಜೀವಮಾನ ಸಾಧನೆಯ ಗೌರವ ಕೊಟ್ಟರು. ಮುಂದಿನ ವರ್ಷ ಕೀಬೋರ್ಡಿನವರು ತೀರಿಕೊಂಡರು.

ಗಿಟಾರಿನವರದು ಇನ್ನೂ ವಿಚಿತ್ರ. 1970ರ ದಶಕದ ಆರಂಭದಲ್ಲಿ ತಮ್ಮದೇ ಹಾಡುಗಳನ್ನು ಅವರು ಧ್ವನಿಮುದ್ರಿಸಿಟ್ಟಿದ್ದರು. ಟೇಪು ಉಳಿದದ್ದು ಕಂಪನಿಯ ಸ್ಟುಡಿಯೋದಲ್ಲಿ. 2005ರ ಆಗಸ್ಟಿನ ಕತ್ರೀನಾ ಚಂಡಮಾರುತದಲ್ಲಿ ಸ್ಟುಡಿಯೋ ಮುಳುಗಿತು, ಟೇಪುಗಳೂ ಹೋದವು ಅಂತ ಅವರು ತಿಳಿದಿದ್ದರು. ಆಮೇಲೆ ನೋಡಿದರೆ ಅವು ಕ್ಯಾಲಿಫೋರ್ನಿಯಾದ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ರೆಕಾರ್ಡ್ ಸಂಗ್ರಾಹಕರ ಕೈಗೆ ಸಿಕ್ಕವು. 2021ರಲ್ಲಿ ಅದು ಆಲ್ಬಮ್ ಆಗಿ ಬಂತು. ಆಗ ಅವರಿಗೆ 75 ವರ್ಷ. ಅವರದೇ ಟೇಪು, ಅವರ ಬಳಿ ಒಂದು ಪ್ರತಿಯೂ ಇರಲಿಲ್ಲ.

ನಮ್ಮ ವಾದಕರಿಗೆ ಇದರಲ್ಲಿ ಏನಿದೆ

ಈ ಪ್ರಕರಣದಲ್ಲಿ ಸಂಗೀತದ ತೀರ್ಮಾನಗಳು ಬಹುಪಾಲು ಸರಿಯಾಗಿಯೇ ಇದ್ದವು. ಇರುವ ನಾಲ್ಕು ಜನರಿಗೆ ತಕ್ಕ ಸಂಗೀತ ಕಟ್ಟಿದರು, ಊರಿನ ತಾಳ ಬಿಡಲಿಲ್ಲ, ರಚನೆಯ ಹೆಸರು ಹಂಚಿಕೊಂಡರು. ಎಡವಿದ್ದು ಎಲ್ಲವನ್ನೂ ಒಂದೇ ಕೈಗೆ ಕೊಟ್ಟಲ್ಲಿ. ಅದೂ ಯಾವಾಗ? ಅವಕಾಶ ಹುಡುಕಿಕೊಂಡು ಬಂದಾಗ, ಬೇಡ ಅನ್ನುವ ಧೈರ್ಯ ಯಾರಿಗೂ ಇಲ್ಲದ ವಯಸ್ಸಿನಲ್ಲಿ. ಆ ಹುಡುಗರನ್ನು ದೂರುವುದರಲ್ಲಿ ಅರ್ಥವಿಲ್ಲ. ಓದಿ ಹೇಳುವ ಒಬ್ಬ ವಕೀಲರು ಅವತ್ತು ಅವರ ಪಕ್ಕ ಇದ್ದಿದ್ದರೆ ಅಂತ ಮಾತ್ರ ಅನ್ನಿಸುತ್ತದೆ.

ಇಲ್ಲಿನ ಕಾನೂನು ಈಗ ಸ್ವಲ್ಪ ವಾಸಿ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟು ಕಳೆದುಕೊಳ್ಳುವಂತಿಲ್ಲ. ಪ್ರದರ್ಶಕರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕು ಇದೆ. ಆದರೆ ನುಡಿಸಿದವರು ಯಾರು ಅಂತ ಎಲ್ಲಿಯೂ ದಾಖಲೆ ಇಲ್ಲದಿದ್ದರೆ ಹಕ್ಕು ಇದ್ದು ಏನು ಬಂತು? ಬೆಂಗಳೂರಿನ ಸ್ಟುಡಿಯೋದಲ್ಲಿ ಒಂದು ಮಧ್ಯಾಹ್ನ ಕೂತು ಬಾಸ್ ನುಡಿಸಿ, ದುಡ್ಡಿನ ಕವರ್ ತೆಗೆದುಕೊಂಡು ಮನೆಗೆ ಹೋಗುವ ವಾದಕರಿಗೆ ಇದನ್ನೇ ಹೇಳಬೇಕು. ಹಾಡು ಬಿಡುಗಡೆಯಾಗುವ ಮೊದಲೇ ಹೆಸರು ಸೇರಿದೆಯಾ ನೋಡಿಕೊಳ್ಳಿ. ನೀವು ನುಡಿಸಿದ ಟ್ರ್ಯಾಕಿನ ಒಂದು ಪ್ರತಿ, ದಿನಾಂಕದ ಜೊತೆ, ನಿಮ್ಮ ಬಳಿ ಇಟ್ಟುಕೊಳ್ಳಿ.

ಬ್ಯಾಂಡ್ ಕಟ್ಟುವವರಾದರೆ ಮೊದಲ ಕಾರ್ಯಕ್ರಮಕ್ಕೂ ಮುಂಚೆ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ರಚನೆ ಯಾರ ಯಾರ ಹೆಸರಿನಲ್ಲಿ, ಎಷ್ಟೆಷ್ಟು ಪಾಲು. ರೆಕಾರ್ಡಿಂಗ್ ಫೈಲು ಯಾರ ಬಳಿ. ಒಬ್ಬರು ಬಿಟ್ಟುಹೋದರೆ ತಂಡದ ಹೆಸರು ಯಾರಿಗೆ. ನಿಮ್ಮ ವ್ಯವಹಾರ ನೋಡಿಕೊಳ್ಳುವವರೇ ನಿಮ್ಮ ಹಕ್ಕುಗಳನ್ನೂ ಕೊಳ್ಳಲು ಬಂದರೆ ಆ ಕಾಗದಕ್ಕೆ ಅವತ್ತೇ ಸಹಿ ಹಾಕಬೇಡಿ, ಬೇರೆ ವಕೀಲರಿಗೆ ತೋರಿಸಿ. ಗೆಳೆಯರ ನಡುವೆ ಇದನ್ನೆಲ್ಲ ಮಾತಾಡೋಕೆ ಮುಜುಗರ ಆಗುತ್ತದೆ, ಗೊತ್ತು. ಆದರೂ ಆ ವಾರವೇ ಮಾತಾಡಿ, ನಾಲ್ವರೂ ಸಹಿ ಹಾಕಿ, ನಾಲ್ವರೂ ಒಂದೊಂದು ಪ್ರತಿ ಮನೆಗೆ ಒಯ್ಯಿರಿ.